ಮಾವನವರ ಲಾಗ್‌ಬುಕ್ಕು, ನಮ್ಮನೆ ಡಿಶ್‌ವಾಷರು

ಭಾನುವಾರ ರಾತ್ರಿ ಹತ್ತೂವರೆಗೆ ನಾವು ಮೂರು ಜನ ಡಿಶ್‌ವಾಷರನ್ನು ತಬ್ಬಿಕೊಂಡು ನಿಂತಿದ್ದೆವು. ಪ್ರೀತಿಗಲ್ಲ. ಅದನ್ನು ಮುಂದಕ್ಕೆ ಬಾಗಿಸಿದರೆ ಹೊಟ್ಟೆಯಡಿ ನಿಂತ ನೀರು ಹೊರಗೆ ಬರುತ್ತದೆ ಎಂದು ನನ್ನ ಗಂಡ ಯಾವುದೋ ವಿಡಿಯೋ ನೋಡಿ ಕಲಿತಿದ್ದರು. ಹಿಂದಿನಿಂದ ಅವರು ಎತ್ತುವುದು, ಮುಂದಿನಿಂದ ನಾನು ಬೀಳದ ಹಾಗೆ ಎದೆ ಕೊಡುವುದು, ಪಕ್ಕದಲ್ಲಿ ಮಗಳು ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಕೈಯಲ್ಲಿ ಟಾರ್ಚು. ಐವತ್ತು ಕೆಜಿ ಹತ್ತಿರದ ಭಾರ. ತೇರು ಎಳೆಯುವಾಗಲಾದರೂ ಹಗ್ಗ ಇರುತ್ತದೆ. ಸ್ವಲ್ಪ ಬಾಗಿತು, ಇನ್ನೂ ಸ್ವಲ್ಪ ಬಾಗಿತು, ಆಮೇಲೆ ಅಡಿಯಿಂದ ಬಿಸಿಬೇಳೆಬಾತಿನ ವಾಸನೆಯ ನೊರೆನೀರು ನನ್ನ ಪಾದದ ಮೇಲೆ ಸುರಿಯಿತು.

ನಾಲ್ಕನೆಯವರಾದ ನಮ್ಮ ಮಾವ ಊಟದ ಟೇಬಲ್ಲಿನ ಹತ್ತಿರ ನಿಂತು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು.

ಈ ಬರೆದುಕೊಳ್ಳುವ ವಿಷಯ ಸ್ವಲ್ಪ ಹೇಳಬೇಕು. ಮಾವ ಮೂವತ್ತು ವರ್ಷಕ್ಕಿಂತ ಜಾಸ್ತಿ ಕರೆಂಟಿನ ಸಬ್‌ಸ್ಟೇಷನ್‌ಗಳಲ್ಲಿ ಕೆಲಸ ಮಾಡಿದವರು. ಅಲ್ಲಿ ಗಂಟೆಗೊಮ್ಮೆ ಎದ್ದು ವೋಲ್ಟೇಜ್ ಎಷ್ಟು, ಲೋಡ್ ಎಷ್ಟು, ಟ್ರಾನ್ಸ್‌ಫಾರ್ಮರ್ ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ಲಾಗ್‌ಶೀಟಿನಲ್ಲಿ ತುಂಬಬೇಕು. ಮಧ್ಯರಾತ್ರಿಯಾದರೂ ಸರಿ, ಮಳೆಯಾದರೂ ಸರಿ. ನಿವೃತ್ತಿಯಾದರು, ಆದರೆ ಕೈ ನಿವೃತ್ತಿಯಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕೆಲಸದವರು ಬರುವುದು ನಿಂತು, ಸಿಂಕಿನ ಮುಂದೆ ನಾನೂ ಗಂಡನೂ ದಿನಾ ಜಗಳವಾಡಿ, ಕೊನೆಗೆ ಈ ಯಂತ್ರ ಮನೆಗೆ ಬಂತಲ್ಲ, ಅವತ್ತೇ ಮಾವ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಗೆರೆ ಹೊಡೆದರು. ತಾರೀಖು, ಶುರುವಾದ ಸಮಯ, ಮುಗಿದ ಸಮಯ, ಯಾವ ಪ್ರೋಗ್ರಾಮು, ಮೀಟರ್ ರೀಡಿಂಗ್, ಷರಾ. ಮೇಲೊಂದು ತೂತು ಮಾಡಿ, ದಾರ ಕಟ್ಟಿ, ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಜೊತೆಗೆ ಒಂದು ಪೆನ್ನು, ಅದಕ್ಕೂ ದಾರ.

ಷರಾ ಕಾಲಂ ಇದೆಯಲ್ಲ, ಅದರದ್ದೇ ಒಂದು ಲೋಕ. "ಸಾಸಿವೆ ಕಾಳು 3, ಫಿಲ್ಟರಿನಲ್ಲಿ." "ಕರಿಬೇವಿನ ಕಡ್ಡಿ 1, ಮೇಲಿನ ರೆಕ್ಕೆಯ ತೂತಿನಲ್ಲಿ ಸಿಕ್ಕಿತ್ತು, ಊದುಬತ್ತಿ ಕಡ್ಡಿಯಿಂದ ತೆಗೆಯಲಾಯಿತು." "ಸೊಸೆ ಹಿಂಡಾಲಿಯಂ ಪಾತ್ರೆ ಹಾಕಿದ್ದಾಳೆ. ಪಾತ್ರೆ ಕಪ್ಪಾಗಿದೆ." ಹೌದು, ಹಾಕಿದ್ದೆ. ಯಂತ್ರಕ್ಕೆ ಹಾಕುವ ಸೋಪಿನ ಮಾತ್ರೆಯ ಕ್ಷಾರಕ್ಕೆ ಹಿಂಡಾಲಿಯಂ ತಡೆಯುವುದಿಲ್ಲ ಎಂದು ನನಗೇನು ಕನಸು ಬಿದ್ದಿತ್ತೇ? ದೋಸೆ ಕಾವಲಿಯೂ ಹಾಕಬಾರದಂತೆ, ವರ್ಷಗಟ್ಟಲೆ ಕೂತ ಎಣ್ಣೆಯ ಪಳಗು ಒಂದೇ ಸಲಕ್ಕೆ ಹೋಗುತ್ತದೆ. ಮರದ ಸೌಟು ಬೇಡ. ಮುದ್ದೆ ಮಾಡಿದ ಪಾತ್ರೆ ನೆನೆಸದೆ ಹಾಕಿದರೆ ರಾಗಿ ಒಳಗೇ ಸಿಮೆಂಟಾಗುತ್ತದೆ. 14 ಪ್ಲೇಸ್ ಸೆಟ್ಟಿಂಗ್ ಹಿಡಿಯುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು. ನಾವು ಹದಿನಾಲ್ಕು ಜನರ ಅಡುಗೆ ಪಾತ್ರೆ ಎಂದುಕೊಂಡೆವು. ಅದು ಹದಿನಾಲ್ಕು ಜನರ ತಟ್ಟೆ, ಫೋರ್ಕು, ಗ್ಲಾಸಿನ ಲೆಕ್ಕ. ಇಡ್ಲಿ ಕುಕ್ಕರ್ ಇಟ್ಟರೆ ಉಳಿದ ಹದಿಮೂರು ಜನ ಎದ್ದು ಹೋಗಬೇಕು.

ಅದಕ್ಕೆ ಕಾರಣ ಇರಬಹುದು. 1886ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ ಅಮೆರಿಕದ ಜೋಸೆಫೀನ್ ಕಾಕ್ರನ್ ಮನೆಯಲ್ಲಿ ಪಾತ್ರೆ ತೊಳೆಯಲು ಆಳುಗಳಿದ್ದರು. ಅವರು ತೊಳೆಯುವಾಗ ಪಿಂಗಾಣಿ ತಟ್ಟೆಯ ಅಂಚು ಒಡೆಯುತ್ತದೆ ಎನ್ನುವುದು ಆಕೆಯ ಚಿಂತೆ. ತಳ ಹಿಡಿದ ಕೇಸರಿಬಾತಿನ ಚಿಂತೆ ಆಯಮ್ಮನಿಗೆ ಹೇಗೆ ಗೊತ್ತಾಗಬೇಕು?

ಇನ್ನು ಉಪ್ಪು. ನಮ್ಮದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಸುಣ್ಣ ಕಟ್ಟುವಂಥ ಗಡಸು. ಅದನ್ನು ಮೆದು ಮಾಡಲು ಯಂತ್ರದ ತಳದಲ್ಲಿ ಒಂದು ಡಬ್ಬಿ ಇದೆ, ಅದಕ್ಕೆ ದಪ್ಪ ಹರಳಿನ ಉಪ್ಪನ್ನೇ ಹಾಕಬೇಕು, ಅಡುಗೆಯ ಪುಡಿ ಉಪ್ಪು ಹಾಕಬಾರದು. ಮೊದಲ ಸಲ ಹಾಕಿದಾಗ ಸುಮಾರು 1 ಕೆಜಿ ನುಂಗಿತು. ಸಾರಿಗೆ ಉಪ್ಪು ಜಾಸ್ತಿಯಾದರೆ ಬಿಪಿ ಎಂದು ನನ್ನನ್ನು ಗದರಿಸುವ ಮಾವ, ಯಂತ್ರಕ್ಕೆ ಮಾತ್ರ ತಾವೇ ಕುಕ್ಕರುಗಾಲಲ್ಲಿ ಕೂತು, ಆಲಿಕೆ ಇಟ್ಟು, ಮಗುವಿಗೆ ಔಷಧಿ ಕುಡಿಸುವ ಹಾಗೆ ಉಪ್ಪು ಉಣಿಸುತ್ತಾರೆ.

ಸರಿ, ಭಾನುವಾರಕ್ಕೆ ಬರೋಣ. ನೆಂಟರು ಬಂದು ಹೋಗಿದ್ದರು. ಯಂತ್ರ ತುಂಬಿಸಿ ನಾನು ಟೆರೇಸಿಗೆ ಬಟ್ಟೆ ತರಲು ಹೋದೆ, ಅಲ್ಲೇ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತೆ. ಕೆಳಗೆ ಬಂದರೆ ಅಡುಗೆಮನೆ ನೆಲದ ಮೇಲೆ ನೊರೆ ತೆವಳುತ್ತಿದೆ. ಬಾಗಿಲಿನ ಅಡಿಯಿಂದ ಮೆಲ್ಲಗೆ, ಹಾಲು ಉಕ್ಕಿ ಬಂದ ಹಾಗೆ. ಆಮೇಲೆ ಯಂತ್ರ ಒಂದು ಕೆಂಪು ನಂಬರು ತೋರಿಸಿ, ಪಂಪು ಗುಂಯ್ ಎಂದು ಶುರುವಾಗಿ, ಸ್ವಿಚ್ ಒತ್ತಿದರೂ ನಿಲ್ಲಲಿಲ್ಲ. ಗೋಡೆಯ ಪ್ಲಗ್ಗೇ ಕೀಳಬೇಕಾಯಿತು.

ಯಂತ್ರದ ತಳದ ತಟ್ಟೆಯಲ್ಲಿ ಬೆಣ್ಣೆ ಬಿಸ್ಕತ್ತಿನಷ್ಟು ದೊಡ್ಡ ಒಂದು ಥರ್ಮಾಕೋಲ್ ತುಂಡು ಇರುತ್ತದೆ. ಎಲ್ಲಿಂದಲೋ ನೀರು ಸೋರಿ ತಟ್ಟೆಗೆ ಬಂದರೆ ಅದು ತೇಲುತ್ತದೆ, ತೇಲಿದರೆ ಸ್ವಿಚ್ ಒತ್ತುತ್ತದೆ, ಯಂತ್ರ ಮುಷ್ಕರ ಹೂಡುತ್ತದೆ. ಸಾವಿರಾರು ರೂಪಾಯಿಯ ಸರಂಜಾಮನ್ನು ಒಂದು ಥರ್ಮಾಕೋಲ್ ಚೂರು ನಿಲ್ಲಿಸಿಬಿಡುತ್ತದೆ. ಅದಕ್ಕೇ ಈ ತಬ್ಬಾಟ. ಬಾಗಿಸಿದ ಮೇಲೆ ಹತ್ತು ನಿಮಿಷ ಓಡಿತು, ಮತ್ತೆ ನೊರೆ, ಮತ್ತೆ ಅದೇ ಕೆಂಪು ನಂಬರು.

ಇಷ್ಟು ನೊರೆ ಬಂದಿದ್ದಾದರೂ ಎಲ್ಲಿಂದ? ಮಗಳನ್ನು ಕೇಳಿದೆ, ನಾನು ಅಡುಗೆಮನೆಗೇ ಬಂದಿಲ್ಲ ಎಂದಳು. ಅದು ನಿಜ, ಯಾವತ್ತೂ ಬರುವುದಿಲ್ಲ. ಗಂಡನನ್ನು ಕೇಳಿದೆ. ಇಲ್ಲ ಎಂದರು, ಆದರೆ ಒಂದು ಕ್ಷಣ ತಡ ಮಾಡಿ ಎಂದರು. ನನಗೆ ಅಷ್ಟು ಸಾಕಿತ್ತು. ಮಾವನವರನ್ನು ಕೇಳುವ ಯೋಚನೆಯೇ ಬರಲಿಲ್ಲ. ಸಿಸಿಟಿವಿಯನ್ನು ಯಾರಾದರೂ ಅನುಮಾನಿಸುತ್ತಾರಾ?

ಕಂಪನಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಮೂರನ್ನು ಒತ್ತಿ ಎಂದರು, ಒತ್ತಿದೆ, ಹಿಂದಿಯಲ್ಲಿ ಹಲೋ ಎಂದರು. ಟೆಕ್ನಿಷಿಯನ್ ನಾಳೆ ಬರ್ತಾರೆ ಎಂದರು. ಆ ನಾಳೆ ಬುಧವಾರ ಬಂತು.

ಮಧ್ಯದ ದಿನಗಳಲ್ಲಿ ಸಿಂಕಿನ ಮುಂದೆ ನಾನು. ಮೊದಲ ದಿನ ಕೋಪದಲ್ಲಿ ತೊಳೆದೆ. ಎರಡನೇ ದಿನ ಯಾಕೋ ಅಮ್ಮನ ಮನೆಯ ಹಿತ್ತಲು ನೆನಪಾಯಿತು. ಪಾತ್ರೆ ತೊಳೆಯುವ ಕಲ್ಲು, ಒಲೆ ಬೂದಿ, ತೆಂಗಿನ ನಾರು, ಹಿತ್ತಾಳೆಗೆ ಹುಣಸೆಹಣ್ಣು. ಅಮ್ಮ ಉಜ್ಜುವುದು, ನಾನು ತೊಳೆದು ಬೋರಲು ಹಾಕುವುದು. ಆ ನೀರು ಸೀದಾ ಬಾಳೆಗಿಡದ ಬುಡಕ್ಕೆ ಹರಿಯುತ್ತಿತ್ತು. ಅಮ್ಮ ಮುಖ್ಯವಾದ ಮಾತನ್ನೆಲ್ಲ ಅಲ್ಲೇ ಹೇಳುತ್ತಿದ್ದಳು, ನನ್ನ ಕಡೆ ನೋಡದೆ, ಪಾತ್ರೆಯ ತಳ ನೋಡುತ್ತಾ. ನನ್ನ ಮದುವೆ ಗೊತ್ತಾದದ್ದನ್ನೂ ಹಾಗೇ ಹೇಳಿದ್ದು, ಒಂದು ಕೊಳದಪ್ಪಲೆ ಉಜ್ಜುತ್ತಾ. ನನ್ನ ಮಗಳಿಗೆ ಏನಾದರೂ ಹೇಳಬೇಕೆಂದರೆ ನಾನು ವಾಟ್ಸಾಪ್ ಮಾಡುತ್ತೇನೆ. ಮೂರನೇ ದಿನ ಮತ್ತೆ ಕೋಪವೇ ಬಂತು, ಬಿಡಿ.

ಟೆಕ್ನಿಷಿಯನ್ ಹುಡುಗ ಬಂದ. ಬ್ಯಾಗ್ ಇಳಿಸುವ ಮೊದಲೇ, "ಮೇಡಂ, ಏನ್ ಹಾಕಿದ್ರಿ?" ಎಂದ. ಡಾಕ್ಟರು ಹೊರಗೆ ಏನು ತಿಂದ್ರಿ ಎಂದು ಕೇಳುವ ಧಾಟಿ. ನಾವೇನೂ ಹಾಕಿಲ್ಲ ಎಂದೆ, ಗಂಡನ ಕಡೆ ನೋಡುತ್ತಾ.

"ಎಲ್ಲ ರೆಕಾರ್ಡ್ ಇದೆ," ಎಂದರು ಮಾವ. ಮೊಳೆಯಿಂದ ಲಾಗ್‌ಬುಕ್ ಇಳಿಸಿದರು. ಕನ್ನಡಕ ಏರಿಸಿದರು. ಮೇಲಧಿಕಾರಿ ತನಿಖೆಗೆ ಬಂದಾಗ ಓದುತ್ತಿದ್ದ ಗಂಟಲಿನಲ್ಲಿ ಶುರು ಮಾಡಿದರು. ಶುಕ್ರವಾರ, ಉಪ್ಪು ಸಾಕಷ್ಟಿದೆ. ಶನಿವಾರ, ಫಿಲ್ಟರ್ ತೊಳೆಯಲಾಯಿತು, ಸಾಸಿವೆ 2. ಹುಡುಗ ಗಡಿಯಾರ ನೋಡಿದ.

"ಭಾನುವಾರ. 20-40 ಗಂಟೆ. ಮಾತ್ರೆ ಖಾಲಿ. ಬದಲಿಗೆ ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ದೊಡ್ಡ ಚಮಚದಲ್ಲಿ 2. ಯಂತ್ರ ಚಾಲೂ."

ಯಾರೂ ಉಸಿರಾಡಲಿಲ್ಲ. ಮಾವ ನಿಲ್ಲಿಸಲಿಲ್ಲ.

"21-25. ಬಾಗಿಲಿನ ಅಡಿಯಿಂದ ನೊರೆ. 21-26. ಸೊಸೆಗೆ ತಿಳಿಸಲು ಟೆರೇಸಿಗೆ ಹೋಗಲಾಯಿತು. ಸೊಸೆ ಮಾತಿನಲ್ಲಿದ್ದರು. 21-31. ವಾಪಸ್."

"ಇದೇ ಸಾರ್," ಎಂದ ಹುಡುಗ. ಮಾತ್ರೆಯ ಸೋಪಿಗೆ ನೊರೆ ಬರುವುದಿಲ್ಲವಂತೆ. ಕೈ ಸೋಪು ಒಳಗೆ ಬಿದ್ದರೆ, ಆ ರೆಕ್ಕೆಗಳು ಗಿರಗಿರ ತಿರುಗಿ ನೀರು ಚಿಮ್ಮುವ ರಭಸಕ್ಕೆ ಮೊಸರು ಕಡೆದ ಹಾಗೆ ಉಬ್ಬಿ ಉಬ್ಬಿ ಎಲ್ಲ ಸಂದಿನಿಂದ ಆಚೆ ಬರುತ್ತದೆ, ತಳಕ್ಕೂ ಇಳಿಯುತ್ತದೆ. ಅವನು ಯಂತ್ರ ಬಾಗಿಸಿದ (ಒಬ್ಬನೇ!), ತಳ ಒರೆಸಿದ, ಏನೂ ಹಾಕದೆ ಎರಡು ಸಲ ಬರೀ ನೀರಿನಲ್ಲಿ ಓಡಿಸಿದ, ದುಡ್ಡು ತಗೊಂಡು ಹೋದ.

ಮೂರು ದಿನ ಆ ಪುಸ್ತಕ ನನ್ನ ಮೂಗಿನ ಮುಂದೆಯೇ ನೇತಾಡುತ್ತಿತ್ತು. ಐದು ವರ್ಷದಿಂದಲೂ ನೇತಾಡುತ್ತಲೇ ಇದೆ. ಒಬ್ಬರೂ ತಿರುವಿ ನೋಡಿರಲಿಲ್ಲ. ಗಂಡ ಈಗ ಮೂರು ದಿನದ ಆಪಾದನೆಗೆ ಬಡ್ಡಿ ಸಮೇತ ಕ್ಷಮೆ ಕೇಳುತ್ತಿದ್ದಾರೆ, ಅಂದರೆ ನನ್ನಿಂದ.

ಸಂಜೆ ನೋಡಿದೆ. ಬುಧವಾರದ ಷರಾದಲ್ಲಿ ದುಂಡಗಿನ ಅಕ್ಷರ: "ದೋಷದ ಕಾರಣ, ಆಪರೇಟರ್ ತಪ್ಪು." ಕೆಳಗೆ ಅವರದೇ ಸಹಿ, ತಾರೀಖು. ನಾನು ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮಾವ ಪೆನ್ನನ್ನು ದಾರದ ಸಮೇತ ನನ್ನ ಕಡೆ ಚಾಚಿದರು.

"ಇವತ್ತಿನಿಂದ ನೈಟ್ ಶಿಫ್ಟ್ ನೀನೇ ನೋಡ್ಕೋ. ಚಾರ್ಜ್ ತಗೊಂಡೆ ಅಂತ ಇಲ್ಲೊಂದು ಸೈನ್ ಹಾಕಮ್ಮ."

ಕೈ ಒದ್ದೆಯಿತ್ತು. ಒರೆಸಿಕೊಂಡು ಹಾಕಿದೆ. 19-10 ಗಂಟೆ.