ಸ್ಮಿತ್‌ಗಳೆಲ್ಲ ಒಂದೇ ಮನೆತನದವರಲ್ಲ
ಸ್ಮಿತ್ ಅಂತ ಅಡ್ಡಹೆಸರಿರುವವರೆಲ್ಲ ಒಬ್ಬನೇ ಮೂಲಪುರುಷನ ವಂಶದವರು ಎಂಬ ಮಾತು ಓಡಾಡುತ್ತಿದೆ. ಅದು ತಪ್ಪು. ಸ್ಮಿತ್ ಎಂದರೆ ಲೋಹದ ಕೆಲಸದವನು, ಹೆಚ್ಚಾಗಿ ಕಮ್ಮಾರ. ಕುದುರೆಗೆ ಲಾಳ, ನೇಗಿಲಿಗೆ ಗುಳ, ಕೈಗೆ ಕುಡುಗೋಲು ಬೇಕಲ್ವಾ? ಹಾಗಾಗಿ ಇಂಗ್ಲೆಂಡಿನ ಹಳ್ಳಿಹಳ್ಳಿಗೂ ಕಮ್ಮಾರ ಬೇಕಿತ್ತು. ಮಧ್ಯಯುಗದಲ್ಲಿ ಕಸುಬಿನ ಹೆಸರು ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡಾಗ, ಸಂಬಂಧವೇ ಇಲ್ಲದ ಎಷ್ಟೋ ಮನೆಗಳು ಬೇರೆಬೇರೆಯಾಗಿ ಸ್ಮಿತ್ ಆದವು.

ಅಮೆರಿಕದ 2010ರ ಜನಗಣತಿಯಲ್ಲಿ 24 ಲಕ್ಷಕ್ಕೂ ಜಾಸ್ತಿ ಸ್ಮಿತ್‌ಗಳಿದ್ದರು. ಅಡ್ಡಹೆಸರುಗಳಲ್ಲಿ ಮೊದಲ ಸ್ಥಾನ ಅದರದೇ. ಆ ಸ್ಮಿತ್‌ಗಳಲ್ಲಿ ಹಲವರ ಹಿರಿಯರು ಇಂಗ್ಲಿಷರೇ ಅಲ್ಲ. ಜರ್ಮನ್ ಶ್ಮಿಟ್‌ಗಳು (ಅದರ ಅರ್ಥವೂ ಕಮ್ಮಾರ ಎಂದೇ) ಎಷ್ಟೋ ಮಂದಿ ಅಲ್ಲಿ ನೆಲೆಸಿದ ಮೇಲೆ ತಾವೇ ಸ್ಮಿತ್ ಎಂದು ಬರೆಸಿಕೊಂಡರು. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರು ಅನ್ನೋದು ಸುಮ್ನೆ ಕತೆ. ಅವರು ನೋಡುತ್ತಿದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪ್ರಯಾಣಿಕರ ಪಟ್ಟಿಯನ್ನು.