ತುರುಬಿಗೆ ಹತ್ತಕ್ಕೆ ಹತ್ತು

ಜಿಮ್ನಾಸ್ಟಿಕ್ಸಿನಲ್ಲಿ ಹುಡುಗಿಯರು ಕಸರತ್ತು ಮಾಡುವ ಬ್ಯಾಲೆನ್ಸ್ ಬೀಮೆಂಬ ತೊಲೆಯ ಅಗಲ 10 ಸೆಂಟಿಮೀಟರ್, ಉದ್ದ 5 ಮೀಟರ್, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದರ ಎತ್ತರ 125 ಸೆಂಟಿಮೀಟರ್. ಈ ಮೂರರಲ್ಲಿ ಒಂದನ್ನೂ ಅರಿಯದ, ಆದರೆ ಎಂಟು ವರ್ಷದ ಹುಡುಗಿಯ ತುರುಬು ನೆತ್ತಿಯಿಂದ ಎಷ್ಟು ಬೆರಳು ಹಿಂದಿರಬೇಕು, ಮಿನುಗುವ ರಿಬ್ಬನ್ನು ಅದರ ಸುತ್ತ ಎಷ್ಟು ಸುತ್ತು ಬರಬೇಕು, ಹೊಳೆಯುವ ಪುಡಿ ಹಣೆಯ ಮೇಲೆ ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲ ಹಿರಿಯರ ದೊಡ್ಡದೊಂದು ವರ್ಗ ಮುಂಬಯಿಯಲ್ಲಿ ತಯಾರಾಗಿದೆ. ಉಪನಗರದ ಶಾಲೆಗಳಲ್ಲಿ, ಕ್ರೀಡಾ ಸಂಕುಲಗಳಲ್ಲಿ ನಡೆಯುವ ಚಿಕ್ಕ ಮಕ್ಕಳ ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ಹೋದವರಿಗೆ ಈ ವರ್ಗದ ದರ್ಶನವಾಗದೆ ಇರದು. ಮೈ ಸಡಿಲಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಮಕ್ಕಳು ಗೋಡೆಯುದ್ದಕ್ಕೂ ಸಾಲಾಗಿ ಕುಳಿತಿರುತ್ತಾರೆ. ಒಬ್ಬೊಬ್ಬಳ ಹಿಂದೆಯೂ ಒಬ್ಬ ತಾಯಿ ಐದಾರು ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕಾರ್ಯಮಗ್ನಳಾಗಿರುತ್ತಾಳೆ. ಬಾಯಿ ತೆರೆಯುವಂತಿಲ್ಲವಾದ್ದರಿಂದ, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಅಳಬೇಡ ಎಂಬ ಸೂಚನೆಗಳನ್ನೆಲ್ಲ ಕೂದಲನ್ನು ಜಗ್ಗುವ ಮೂಲಕವೇ ರವಾನಿಸಲಾಗುತ್ತದೆ.

ಸ್ಪರ್ಧೆ ಭಾನುವಾರ ಬೆಳಿಗ್ಗೆ ಎಂದಾದರೆ ತಲೆಯ ಕೆಲಸ ಶನಿವಾರ ರಾತ್ರಿಯೇ ಆರಂಭವಾಗುತ್ತದೆ. ಕೂದಲು ಅಲೆಅಲೆಯಾಗಲೆಂದು ಹಸಿಯಾಗಿರುವಾಗಲೇ ಹತ್ತಾರು ಸಣ್ಣ ಜಡೆ ಹೆಣೆದು ಮಗುವನ್ನು ಬೋರಲಾಗಿ ಮಲಗಿಸುತ್ತಾರೆ. ನಸುಕಿನಲ್ಲಿ ಎಬ್ಬಿಸಿ ಅವನ್ನೆಲ್ಲ ಬಿಚ್ಚಿ, ಆ ಅಲೆಗಳು ಒಂದೂ ಕಾಣದಂತೆ ಜೆಲ್ ಬಳಿದು, ನೀಟಾಗಿ ಹಿಂದಕ್ಕೆ ಎಳೆದು ತುರುಬು ಕಟ್ಟುತ್ತಾರೆ. ಡೊಂಬಿವಲಿಯಿಂದ ಅಂಧೇರಿಗೆ ಹೊರಟ ಮಗುವಿಗೆ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ನಿಷಿದ್ಧ, ಏಕೆಂದರೆ ಗಾಳಿ ಬೀಸುತ್ತದೆ. ಬಾಗಿಲ ಬಳಿ ನಿಲ್ಲುವುದು ನಿಷಿದ್ಧ, ಏಕೆಂದರೆ ಇಳಿಯುವವರ ಕೈಚೀಲ ತಗಲುತ್ತದೆ. ತಾಯಿಯ ಭುಜಕ್ಕೆ ಒರಗಿ ನಿದ್ರಿಸುವುದಂತೂ ತುರುಬಿಗೆ ಮಾಡುವ ದ್ರೋಹ. ಭಾನುವಾರವಾದ್ದರಿಂದ ಹಳಿ ದುರಸ್ತಿಗೆಂದು ರೈಲು ತಡೆಯುವ ಮೆಗಾ ಬ್ಲಾಕ್ ಇದ್ದೇ ಇರುತ್ತದೆ, ತಡವಾಗಿ ಬಂದ ರೈಲಿನಲ್ಲಿ ಎರಡು ರೈಲಿನ ಜನ ಇದ್ದೇ ಇರುತ್ತಾರೆ. ಘಾಟ್ಕೋಪರಿನಲ್ಲಿ ಇಳಿದು ಮೆಟ್ರೊ ಹತ್ತಿದಾಗ ತಾಯಂದಿರ ಮುಖದಲ್ಲಿ ಮೂಡುವ ನೆಮ್ಮದಿ ಪ್ರಯಾಣ ಸುಗಮವಾಯಿತೆಂಬ ಕಾರಣಕ್ಕಲ್ಲ, ಹವಾನಿಯಂತ್ರಣದ ತಂಪಿಗೆ ಜೆಲ್ ಕರಗುವುದಿಲ್ಲ ಎಂಬ ಕಾರಣಕ್ಕೆ. ಇಷ್ಟೆಲ್ಲದರ ನಡುವೆ ಬೆಳಗಿನ ತಿಂಡಿಗೆ ಸಮಯ ಉಳಿಯುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಹಿರಿಯರು ಯಾರನ್ನೋ ಹಂಗಿಸಲು ಕಟ್ಟಿದ್ದರು. ಅದನ್ನು ವೇಳಾಪಟ್ಟಿಯಾಗಿ ಪಾಲಿಸುವ ತಲೆಮಾರು ಬರುತ್ತದೆಂದು ಅವರು ಊಹಿಸಿರಲಾರರು.

ಈ ವಿಷಯದಲ್ಲಿ ಕನ್ನಡಿಗರು ಗುಜರಾತಿ, ಮರಾಠಿ ನೆರೆಯವರಿಗಿಂತ ಹಿಂದೆ ಬಿದ್ದಿದ್ದಾರೆಂದು ಭಾವಿಸಿದರೆ ಅದು ನಮ್ಮ ಸಂಘಟನಾ ಶಕ್ತಿಗೆ ಮಾಡುವ ಅವಮಾನ. ಜಿಮ್ನಾಸ್ಟಿಕ್ಸ್ ಕಲಿಯುವ ಕನ್ನಡದ ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಸ್ಪರ್ಧೆಗೆ ಒಂದು ವಾರವಿರುವಾಗ ಅಖಂಡ ಕರ್ನಾಟಕದ ಮೂರು ಪ್ರಾಂತ್ಯಗಳು ಮತ್ತೆ ಬೇರೆಯಾಗುತ್ತವೆ. ಉಡುಪಿ ಕಡೆಯವರು, “ಊರಿಂದ ಮಲ್ಲಿಗೆ ತರಿಸಿದ್ದೇನೆ, ತುರುಬಿಗೆ ಒಂದು ಚೆಂಡು ಸುತ್ತಿದರೆ ಎಷ್ಟು ಚಂದ ಕಾಣ್ತದೆ ಮಾರಾಯ್ರೆ” ಎಂದು ಬರೆಯುತ್ತಾರೆ. ಬೆಂಗಳೂರಿನಲ್ಲಿ ಬೆಳೆದು ಇಲ್ಲಿಗೆ ಬಂದವರು ಯಾವುದೋ ದೇಶದ ಹುಡುಗಿಯ ಏಳೆಳೆಯ ಜಡೆಯ ವಿಡಿಯೊ ಕಳುಹಿಸಿ, ಇದಕ್ಕಿಂತ ಕಡಿಮೆಯಾದರೆ ನಿರ್ಣಾಯಕರು ನಮ್ಮ ಮಕ್ಕಳನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ ಎಂದು ಎಚ್ಚರಿಸುತ್ತಾರೆ. ಮೊಮ್ಮಗಳ ಸಲುವಾಗಿ ಗುಂಪಿಗೆ ಸೇರಿಸಲ್ಪಟ್ಟ ಧಾರವಾಡದ ಅಜ್ಜಿಯೊಬ್ಬರು ಧ್ವನಿ ಸಂದೇಶದಲ್ಲಿ, “ಎಣ್ಣಿ ಹಚ್ಚಿ ಬಿಗಿಯಾಗಿ ಎರಡು ಹೆರಳು ಹಾಕಿ ಮ್ಯಾಲೆ ಕಟ್ರಿ, ಮುಗೀತು. ನಾವೇನು ಸಾಲ್ಯಾಗ ಕಬಡ್ಡಿ ಆಡಿಲ್ಲೇನ್ರಿ?” ಎಂದು ಕೇಳುತ್ತಾರೆ. ಈ ಸಂದೇಶಕ್ಕೆ ಹಲವರು ಕೈಮುಗಿಯುವ ಚಿಹ್ನೆ ಹಾಕಿ ಏಳೆಳೆಯ ಜಡೆಯ ಚರ್ಚೆಯನ್ನು ಮುಂದುವರಿಸುತ್ತಾರೆ.

ಇಡೀ ಗುಂಪಿನಲ್ಲಿ ಆಟವನ್ನು ಅರ್ಥಮಾಡಿಕೊಂಡವರು ಆ ಅಜ್ಜಿ ಒಬ್ಬರೇ ಎಂಬುದು ನನ್ನ ಅಭಿಪ್ರಾಯ, ಎಣ್ಣೆಯೊಂದನ್ನು ಬಿಟ್ಟರೆ. ಕೈ ಜಾರದಿರಲೆಂದು ಮಕ್ಕಳು ಅಂಗೈಗೆ ಮ್ಯಾಗ್ನೀಷಿಯಂ ಕಾರ್ಬೊನೇಟಿನ ಬಿಳಿ ಪುಡಿಯನ್ನು ಉಜ್ಜಿಕೊಂಡು ಅಸಮ ಕಂಬಿಗಳನ್ನು ಹಿಡಿಯುತ್ತಾರೆ. ಎಣ್ಣೆಯಾಗಲಿ ಜೆಲ್ ಆಗಲಿ ಧಾರಾಳವಾಗಿ ಸವರಿದ ತಲೆಯನ್ನು ಒಮ್ಮೆ ಮುಟ್ಟಿದರೆ ಆ ಪುಡಿ ಹಚ್ಚಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಕುದುರೆಬಾಲದಂತೆ ಇಳಿಬಿಟ್ಟ ಕೂದಲು ಒಂದು ಸುತ್ತು ತಿರುಗಿದರೆ ಕಣ್ಣಿಗೆ ಬಡಿಯುತ್ತದೆ. ಉದ್ದ ಜಡೆಯನ್ನು ಹಾಗೆಯೇ ಬಿಟ್ಟರೆ ಹಿಂದಕ್ಕೆ ಬಾಗಿ ಬೀಮಿನ ಮೇಲೆ ಕೈಯೂರುವಾಗ ಅಂಗೈ ತನ್ನದೇ ಜಡೆಯ ಮೇಲೆ ಬೀಳುತ್ತದೆ, ಹತ್ತು ಸೆಂಟಿಮೀಟರಿನಲ್ಲಿ ಜಡೆಗೂ ಕೈಗೂ ಒಟ್ಟಿಗೆ ಜಾಗವಿರುವುದಿಲ್ಲ. ತುರುಬು ತಲೆಯ ಹಿಂಭಾಗದ ನಟ್ಟನಡುವೆ ಇದ್ದರೆ ಮುಂದಕ್ಕೆ ಉರುಳುವಾಗ ಅದರ ಮೇಲೆಯೇ ಉರುಳಬೇಕು, ಒಳಗಿನ ಲೋಹದ ಪಿನ್ನುಗಳು ನೆತ್ತಿಯನ್ನು ವಿಚಾರಿಸಿಕೊಳ್ಳುತ್ತವೆ. ಕುತ್ತಿಗೆಯ ಬುಡದಲ್ಲಿದ್ದರೆ ತಲೆಯನ್ನು ಹಿಂದಕ್ಕೆ ಚೆಲ್ಲುವಾಗ ಅಡ್ಡ ಬರುತ್ತದೆ. ಹಣೆಯಿಂದಲೇ ತಲೆಗೆ ಅಂಟಿಕೊಂಡಂತೆ ಹೆಣೆದ ಎರಡು ಜಡೆಗಳು, ತುದಿಗಳನ್ನು ಮಡಚಿ ಒಳಗೆ ಸೇರಿಸಿದ ರಬ್ಬರ್ ಬ್ಯಾಂಡು, ಮುಂಗುರುಳಿಗೆ ಎರಡು ಚಪ್ಪಟೆ ಟಿಕ್‌ಟ್ಯಾಕ್ ಕ್ಲಿಪ್ಪು, ಇಷ್ಟಾದರೆ ಸಾಕು. ಅದನ್ನೇ ಅಭ್ಯಾಸದ ದಿನ ಹಾಕಿ, ನಾಲ್ಕು ಲಾಗ ಹಾಕಿಸಿ, ತಲೆಯನ್ನು ಜೋರಾಗಿ ಅಲ್ಲಾಡಿಸಲು ಹೇಳಿ ನೋಡಿದರೆ ಸ್ಪರ್ಧೆಯ ದಿನ ಚಿಂತೆಯಿಲ್ಲ. ತೀರಾ ಬಿಗಿಯಾಗಿ ಎಳೆದರೆ ತಲೆನೋವು ಬರುತ್ತದೆ, ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲೇ ಉದುರುತ್ತದೆ ಎಂಬುದನ್ನು ಚರ್ಮವೈದ್ಯರು ಹೇಳುತ್ತಾರೆ. ಇನ್ನು ಕೂದಲು ಗಿಡ್ಡವಾಗಿದ್ದರೆ ಒಂದು ಬಟ್ಟೆಯ ಪಟ್ಟಿಯಲ್ಲಿ ವಿಷಯ ಮುಗಿಯುತ್ತದೆ.

ಆದರೆ ಹೀಗೆ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸದಿಂದ ಸಮಾಜಕ್ಕೆ ಏನು ಪ್ರಯೋಜನ? ಮಗು ಲಾಗ ಹಾಕುವುದನ್ನು ಕಲಿಯಲು ವರ್ಷಗಳು ಬೇಕು, ಅದರಲ್ಲಿ ದೊಡ್ಡವರ ಪಾಲು ಶುಲ್ಕ ಕಟ್ಟುವುದಷ್ಟೇ. ತುರುಬು ಮಾತ್ರ ಸಂಪೂರ್ಣವಾಗಿ ದೊಡ್ಡವರ ಸಾಧನೆ. ಫೋಟೊದಲ್ಲಿ ಸ್ಪಷ್ಟವಾಗಿ ಬರುವುದೂ ಅದೇ, ಏಕೆಂದರೆ ಲಾಗ ಹಾಕುವಾಗ ಮಗು ಅಲ್ಲಾಡುತ್ತದೆ.

ಲೋಕವೂ ನಮ್ಮ ತಾಯಂದಿರ ಪರವಾಗಿಯೇ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹದಿನಾರರ ಹರೆಯದ ಗ್ಯಾಬಿ ಡಗ್ಲಸ್ ವೈಯಕ್ತಿಕ ಸರ್ವಾಂಗೀಣ ವಿಭಾಗದಲ್ಲಿ ಚಿನ್ನ ಗೆದ್ದಾಗ, ಮಂಚದ ಮೇಲೆ ಒರಗಿಕೊಂಡು ಟಿವಿ ನೋಡುತ್ತಿದ್ದ ಅನೇಕರು ಸಾಮಾಜಿಕ ಜಾಲತಾಣಗಳಲ್ಲಿ ಪರಿಶೀಲಿಸಿದ್ದು ಆಕೆಯ ಕೂದಲು ಸರಿಯಾಗಿ ಕೂತಿಲ್ಲವೆಂಬುದನ್ನು. 2024ರ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ಸಿಮೋನ್ ಬೈಲ್ಸ್ ಅವರೇ ತಮ್ಮ ಕೂದಲು ಕೆದರಿದ್ದೇಕೆ ಎಂಬುದಕ್ಕೆ, ಬಸ್ಸಿನಲ್ಲಿ ಎ.ಸಿ. ಇರಲಿಲ್ಲವೆಂದು ಸಾರ್ವಜನಿಕರಿಗೆ ವಿವರಣೆ ಕೊಡಬೇಕಾಯಿತು. ಇಂಥವರೇ ಕಾರಣ ಕೇಳಿ ನೋಟಿಸಿಗೆ ಉತ್ತರಿಸಬೇಕಾದರೆ ಮುಲುಂಡಿನ ಮೂರನೆಯ ತರಗತಿಯ ಹುಡುಗಿ ಯಾವ ಲೆಕ್ಕ? 1972ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಓಲ್ಗಾ ಕೊರ್ಬುಟ್ ಎರಡು ಜುಟ್ಟಿಗೆ ನೂಲಿನ ದಾರ ಕಟ್ಟಿಕೊಂಡು ಬಂದು ಮ್ಯೂನಿಕ್ ಗೆದ್ದರು, 1976ರ ಮಾಂಟ್ರಿಯಲ್‌ನಲ್ಲಿ ರೊಮೇನಿಯಾದ ಹದಿನಾಲ್ಕರ ನಾದಿಯಾ ಕೊಮನೆಚಿ ಸಾದಾ ಜುಟ್ಟಿನಲ್ಲಿಯೇ ಹತ್ತಕ್ಕೆ ಹತ್ತು ಪಡೆದರು ಎಂದು ಯಾರಾದರೂ ವಾದಿಸಬಹುದು. ಅಲ್ಲಿನ ಅಂಕಫಲಕಕ್ಕೆ ಹತ್ತು ತೋರಿಸಲು ಬಾರದೆ 1.00 ಎಂದು ತೋರಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ನಮ್ಮ ಗುಂಪಿನ ಪ್ರಕಾರ ಆ ಒಂದು ಅಂಕ ಜುಟ್ಟಿಗೆ ಬಂದದ್ದು.

ಆದ್ದರಿಂದ, ಕದ್ದುಮುಚ್ಚಿ ನಡೆಯುತ್ತಿರುವುದನ್ನು ಬಹಿರಂಗವಾಗಿ ನಡೆಸುವುದೇ ಪ್ರಾಮಾಣಿಕವೆಂದು ತೋರುತ್ತದೆ. ತುರುಬಿಗೆ ಪ್ರತ್ಯೇಕ ಅಂಕ ಕೊಡೋಣ. ಹೇಗೂ ಜಿಮ್ನಾಸ್ಟಿಕ್ಸಿನ ಅಂಕ ಪದ್ಧತಿ ಸಿದ್ಧವಾಗಿಯೇ ಇದೆ. ಅಲ್ಲಿ ಕಠಿಣತೆಗೆ ಒಂದು ಅಂಕ, ನಿರ್ವಹಣೆಗೆ ಇನ್ನೊಂದು. ಕಠಿಣತೆಯಲ್ಲಿ ಎ ದರ್ಜೆಯ ಅಂಶಕ್ಕೆ 0.1, ಬಿ ದರ್ಜೆಗೆ 0.2, ಹೀಗೆ ಮೇಲೇರುತ್ತದೆ. ಅದರಂತೆ ಮೂರೆಳೆಯ ಸಾದಾ ಜಡೆ ಎ ದರ್ಜೆ, ಫ್ರೆಂಚ್ ಜಡೆ ಬಿ ದರ್ಜೆ, ಮಗು ಅಳುತ್ತಿರುವಾಗ ಚಲಿಸುವ ರೈಲಿನಲ್ಲಿ ನಿಂತುಕೊಂಡೇ ಹೆಣೆದದ್ದು ಇ ದರ್ಜೆ. ಒಂದು ಜಡೆಯಿಂದ ಇನ್ನೊಂದಕ್ಕೆ ಕ್ಲಿಪ್ಪಿಲ್ಲದೆ ದಾಟಿದರೆ ಜೋಡಣೆಯ ಬೋನಸ್. ನಿರ್ವಹಣೆಯ ಅಂಕವು ಹತ್ತರಿಂದ ಆರಂಭವಾಗಿ ತಪ್ಪುಗಳಿಗೆ ತಕ್ಕಂತೆ ಕಡಿತವಾಗುತ್ತದೆ: ಹೊರಬಿದ್ದ ಎಳೆಗೆ 0.10, ವಕ್ರ ಬೈತಲೆಗೆ 0.30, ಎಡ ಬಲ ಜಡೆಗಳ ದಪ್ಪದಲ್ಲಿ ವ್ಯತ್ಯಾಸ ಕಂಡರೆ 0.50. ಕ್ಲಿಪ್ಪು ನೆಲಕ್ಕೆ ಬಿದ್ದರೆ ಜಿಮ್ನಾಸ್ಟ್ ಬಿದ್ದಷ್ಟೇ, ಪೂರ್ತಿ ಒಂದು ಅಂಕ. ಕ್ಲಿಪ್ಪೂ ಮಗುವೂ ಒಟ್ಟಿಗೆ ಬಿದ್ದರೆ ಮೊದಲು ಕ್ಲಿಪ್ಪನ್ನು ಎತ್ತಿಕೊಳ್ಳತಕ್ಕದ್ದು.

ಮೇಲ್ಮನವಿಯ ವಿಷಯದಲ್ಲಿ ಮಾತ್ರ ಅಂತರರಾಷ್ಟ್ರೀಯ ನಿಯಮ ನಮಗೆ ಒಗ್ಗದು. ಪ್ಯಾರಿಸ್‌ನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಅವರ ಪರವಾಗಿ ಸಲ್ಲಿಸಿದ ಕಠಿಣತೆಯ ಅಂಕದ ವಿಚಾರಣಾ ಕೋರಿಕೆಯು ಒಂದು ನಿಮಿಷದ ಗಡುವಿಗೆ ನಾಲ್ಕು ಸೆಕೆಂಡು ತಡವಾಗಿತ್ತೆಂದು ಕ್ರೀಡಾ ನ್ಯಾಯಮಂಡಳಿ ತೀರ್ಮಾನಿಸಿ, ಕಂಚು ಅವರ ಕೈತಪ್ಪಿತು. ನಮ್ಮಲ್ಲಿ ತುರುಬಿನ ಅಂಕದ ವಿರುದ್ಧ ವಾಟ್ಸಾಪಿನಲ್ಲಿ ದೀಪಾವಳಿಯವರೆಗೂ ಮನವಿ ಸಲ್ಲಿಸುವ ಅವಕಾಶವಿರಬೇಕು, ಅನಂತರವೂ ಮದುವೆ ಮುಂಜಿಗಳಲ್ಲಿ ಭೇಟಿಯಾದಾಗ ವಿಷಯ ಎತ್ತಲು ಅಡ್ಡಿಯಿರಕೂಡದು. ದೊಡ್ಡ ಸ್ಪರ್ಧೆಯಲ್ಲಿ ಹೊಸ ಅಂಶವೊಂದನ್ನು ಮೊದಲು ಯಶಸ್ವಿಯಾಗಿ ಮಾಡಿದವರ ಹೆಸರು ಅದಕ್ಕೆ ಸಲ್ಲುವುದು ಜಿಮ್ನಾಸ್ಟಿಕ್ಸಿನ ಒಳ್ಳೆಯ ಸಂಪ್ರದಾಯ. ಅದನ್ನು ಉಳಿಸಿಕೊಂಡು ಹೊಸ ಜಡೆಗಳಿಗೆ ತಾಯಂದಿರ ಹೆಸರಿಡೋಣ. ಮಗುವಿನ ಹೆಸರೇಕೆ ಬೇಡವೆಂದರೆ, ಅದು ಬರೀ ತಲೆ ಕೊಟ್ಟದ್ದು.

ಹೆಸರಿನ ಮಾತು ಬಂದಾಗ ಪ್ರೊಡುನೋವಾ ನೆನಪಾಗುತ್ತದೆ. ರಷ್ಯಾದ ಯೆಲೆನಾ ಪ್ರೊಡುನೋವಾ ಅವರ ಹೆಸರು ಹೊತ್ತ, ಓಡಿ ಬಂದು ಕೈಯೂರುವ ವಾಲ್ಟ್ ಎಂಬ ಉಪಕರಣದಿಂದ ಚಿಮ್ಮಿ ಮುಂದಕ್ಕೆ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕಾದ ಆ ಅಪಾಯಕಾರಿ ವಿದ್ಯೆಯನ್ನು ಅಗರ್ತಲಾದ ದೀಪಾ ಕರ್ಮಾಕರ್ 2016ರಲ್ಲಿ ರಿಯೊದಲ್ಲಿ ಮಾಡಿ ತೋರಿಸಿದರು. 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚಿಗೂ ಅವರಿಗೂ ನಡುವೆ ಇದ್ದದ್ದು 0.150. ಬಾಲ್ಯದಲ್ಲಿ ಅವರು ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿದ ಚಿಮ್ಮುಹಲಗೆಯ ಮೇಲೆ ಅಭ್ಯಾಸ ಮಾಡಿದ್ದನ್ನು ಪತ್ರಿಕೆಗಳು ಆಗ ಬರೆದವು. ರಿಯೊದಲ್ಲಿ ಅವರು ತಲೆಕೂದಲನ್ನು ಹೇಗೆ ಕಟ್ಟಿದ್ದರೆಂದು ನನ್ನ ಪರಿಚಯದವರಲ್ಲಿ ಅನೇಕರನ್ನು ಕೇಳಿದೆ. ಒಬ್ಬರಿಗೂ ನೆನಪಿಲ್ಲ. ನಾಲ್ಕನೆಯ ಸ್ಥಾನಕ್ಕೆ ಕಾರಣ ಇದೇ ಇರಬಹುದೇ ಎಂದು ಗುಂಪಿನಲ್ಲಿ ಒಬ್ಬರು ಸಂಶಯ ವ್ಯಕ್ತಪಡಿಸಿದರು, ನಗದೆ.

ಹುಡುಗರ ವಿಷಯವನ್ನು ಬೇಗ ಮುಗಿಸಬಹುದು. ಹುಡುಗಿಯರಿಗೆ ನಾಲ್ಕು ಉಪಕರಣಗಳಾದರೆ ಹುಡುಗರಿಗೆ ಆರು, ಅಂದರೆ ಬೀಳಲು ಎರಡು ಅವಕಾಶ ಹೆಚ್ಚು. ಆದರೂ ಅವರ ಕೇಶ ಸಿದ್ಧತೆಯು ನಲ್ಲಿಯಡಿ ತಲೆಯೊಡ್ಡಿ, ಅಪ್ಪನ ಕರವಸ್ತ್ರದಿಂದ ಒರೆಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಉಳಿದ ಸಮಯದಲ್ಲಿ ಅವರು ಮೈ ಸಡಿಲಿಸಿಕೊಂಡು, ವಡಾಪಾವ್ ತಿಂದು, ಇನ್ನೂ ಗೋಡೆಯ ಬಳಿ ಕುಳಿತಿರುವ ಅಕ್ಕತಂಗಿಯರನ್ನು ಅಣಕಿಸುತ್ತಾರೆ. ಅವರ ಕೂದಲು ಕಣ್ಣಿಗೆ ಬಿದ್ದರೂ ಯಾರೂ ಕೇಳುವುದಿಲ್ಲ, ಅದು ನಮ್ಮ ಗಮನಕ್ಕೇ ಬಂದಿರುವುದಿಲ್ಲ.

ನನ್ನ ಪ್ರಸ್ತಾವವನ್ನು ಅಧಿಕೃತವಾಗಿ ಸಲ್ಲಿಸುವ ಮೊದಲೇ ಅದು ಅರ್ಧ ಜಾರಿಗೆ ಬಂದಿರುವುದು ಸಂತೋಷದ ವಿಷಯ. ಈ ಸಲದ ಸ್ಪರ್ಧೆಯೊಂದರಲ್ಲಿ ಬ್ಯೂಟಿ ಪಾರ್ಲರೊಂದರ ಪ್ರಾಯೋಜಕತ್ವದಲ್ಲಿ ‘ಅತ್ಯುತ್ತಮ ಕೇಶವಿನ್ಯಾಸ’ಕ್ಕೆ ಟ್ರೋಫಿಯನ್ನು ಇಡಲಾಗಿದೆ. ಬೀಮಿನ ಪ್ರಥಮ ಬಹುಮಾನದ ಟ್ರೋಫಿಯನ್ನು ಅದರ ಪಕ್ಕದಲ್ಲಿ ಇಟ್ಟಾಗ ಮರೆಯಾಗುತ್ತದೆಂದು ಬೇರೆ ಮೇಜಿಗೆ ಸ್ಥಳಾಂತರಿಸಿದ್ದಾರೆ. ಪೂರ್ವಭಾವಿ ಸಭೆಯಲ್ಲಿ ಕೋಚ್ ಮೇಡಂ ಒಬ್ಬರು ಎದ್ದು ನಿಂತು, ವಾಲ್ಟಿನ ಬಳಿ ಹಾಸುವ ದಪ್ಪ ಮ್ಯಾಟಿನ ಹೊಲಿಗೆ ಬಿಚ್ಚಿ ಒಳಗಿನ ಫೋಮ್ ಹೊರಬರುತ್ತಿದೆ, ಮಕ್ಕಳು ಇಳಿಯುವಾಗ ಕಾಲು ಸಿಕ್ಕಿಕೊಳ್ಳುತ್ತದೆ ಎಂದರು. ಸಂಘಟಕರು ಗಂಭೀರವಾಗಿ ಆಲಿಸಿ, ಹಣದ ಅಡಚಣೆ ಇದೆಯಾದರೂ ಪ್ರಾಯೋಜಕರೊಡನೆ ಮಾತನಾಡುವುದಾಗಿ ಭರವಸೆ ಕೊಟ್ಟರು, ಕೊಟ್ಟ ಮಾತಿನಂತೆ ಮಾತನಾಡಿದರು ಕೂಡ. ಪಾರ್ಲರಿನವರು ಮ್ಯಾಟಿನ ಬಿಚ್ಚಿದ ಭಾಗ ಫೋಟೊದಲ್ಲಿ ಕಾಣದಂತೆ ತಮ್ಮ ಬ್ಯಾನರ್ ಹೊದಿಸಲು ಒಪ್ಪಿದ್ದಾರೆ. ಜೊತೆಗೆ ಹೇರ್ ಸ್ಪ್ರೇಯ ಎರಡು ಡಬ್ಬಿ ಉಚಿತ.