ಬೇರೆ ತಟ್ಟೆ ಕೇಳಿದ್ದಕ್ಕೆ

"ವಾಶ್ ಮ್ರೀದ್?" ಎಂದು ಗೆಳೆಯನ ಅಮ್ಮ ಮೆಲ್ಲಗೆ ಮಗನನ್ನು ಕೇಳಿದರು. ಮೊರಾಕ್ಕೊದ ಕಾಸಾಬ್ಲಾಂಕಾಗೆ ಬಂದು ಮೂರು ವರ್ಷ ಆಯಿತು, ಅಷ್ಟು ಅರಬಿ ನನಗೂ ತಿಳಿಯುತ್ತದೆ. ಇವನಿಗೇನು ಕಾಯಿಲೆಯಾ ಅಂತ. ನಾನು ಕೇಳಿದ್ದು ಒಂದು ಬೇರೆ ತಟ್ಟೆ, ಅಷ್ಟೇ.

ಇದು ನಡೆದದ್ದು ಅದೇ ದೇಶದ ಫೆಸ್ ನಗರದ ಹಳೇ ಪೇಟೆಯಲ್ಲಿ. ಹೊರೆ ಹೊತ್ತ ಕತ್ತೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಂಥ ಓಣಿ. ಹೊರಗಿಂದ ನೋಡಿದರೆ ಬರೀ ಗೋಡೆ. ಮೆಟ್ಟಿಲು ಹತ್ತಿ ಹೋಟೆಲಿನ ತಾರಸಿಗೆ ಬಂದರೆ ಇಡೀ ಊರು ಕಣ್ಣಮುಂದೆ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು ಕಟ್ಟಿಸಿದಳು ಅನ್ನುವ ಕರಾವಿಯ್ಯಿನ್ ಮಸೀದಿಯ ಹಸಿರು ಹೆಂಚು, ಸುತ್ತ ಲೆಕ್ಕವಿಲ್ಲದಷ್ಟು ಡಿಶ್ ಆಂಟೆನಾ. ಗಾಳಿ ತಿರುಗಿದರೆ ಚರ್ಮ ಹದ ಮಾಡುವ ಕಡೆಯಿಂದ ವಾಸನೆ.

ಶುಕ್ರವಾರ ಮಧ್ಯಾಹ್ನ ಅಂದರೆ ಇಲ್ಲಿ ಕೂಸ್‌ಕೂಸ್. ಸಣ್ಣ ರವೆಯಂಥದ್ದು, ಹಬೆಯಲ್ಲಿ ಬೇಯಿಸುತ್ತಾರೆ. ಅಗಲವಾದ ಒಂದೇ ಮಣ್ಣಿನ ತಟ್ಟೆಯಲ್ಲಿ ಗುಡ್ಡೆ ಹಾಕಿ, ಮೇಲೆ ಕುಂಬಳ, ಗಜ್ಜರಿ, ಎಲೆಕೋಸು, ಕಡಲೆಕಾಳು ಜೋಡಿಸಿ ತಂದಿಟ್ಟರು. ಜೊತೆಗೆ ಮಜ್ಜಿಗೆ! ಅದನ್ನು ನೋಡಿ ಅರ್ಧ ಮನೆಗೆ ಹೋಗಿಬಂದೆ. ಐದು ಜನಕ್ಕೂ ಅದೊಂದೇ ತಟ್ಟೆ ಅಂತ ಗೊತ್ತಾಗುವವರೆಗೆ.

ನಮ್ಮದು ಎತ್ತಿ ನೀರು ಕುಡಿಯುವ ಮನೆ. ಬಾಯಿಗಿಟ್ಟ ಕೈ ಸಾರಿನ ಸೌಟಿಗೆ ತಾಗಿದರೆ ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ನಲವತ್ತು ವರ್ಷದ ಎಂಜಲಿನ ಪಾಠ ಒಂದು ತಾರಸಿ ಊಟಕ್ಕೆ ಮರೆತುಹೋಗುತ್ತದಾ?

ಆದರೆ ಅವರದ್ದೂ ಗಲೀಜೇನಲ್ಲ. ಹೋಟೆಲಿನ ಹುಡುಗ ಕೆಟಲು, ಬೋಗುಣಿ ಹಿಡಿದು ಬಂದು ಕೂತಲ್ಲೇ ಎಲ್ಲರ ಕೈ ತೊಳೆಸಿದ. ಬಿಸ್ಮಿಲ್ಲಾ ಅಂದು ಶುರು ಮಾಡಿದರು. ಅವರವರ ಮುಂದಿನ ಭಾಗ ಅವರವರದ್ದು, ಪಕ್ಕದವರ ಕಡೆಗೆ ಕೈ ಹಾಕುವ ಹಾಗಿಲ್ಲ. ಆ ಅಮ್ಮ ಅಂಗೈಯಲ್ಲೇ ಪುಟ್ಟ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಕಾಳೂ ಉದುರಲಿಲ್ಲ. ನಾನು ಚಮಚ ಹಿಡಿದೂ ಪ್ಯಾಂಟಿನ ಮೇಲೆಲ್ಲ ಚೆಲ್ಲಿಕೊಂಡೆ.

ಊಟದ ನಡುವೆ ಇನ್ನೊಂದು ವಿಷಯ ಗೊತ್ತಾಯಿತು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೆಳೆಯ ಮುಂಚೆಯೇ ಫೋನ್ ಮಾಡಿ ಹೇಳಿದ್ದನಂತೆ. ಮೇಲಿಂದ ತುಂಡು ತೆಗೆದರೆ ಸಾಲದು, ರವೆ ಬೇಯುವುದೇ ಮಾಂಸದ ಸಾರಿನ ಹಬೆಯಲ್ಲಿ. ಹಾಗಾಗಿ ತಟ್ಟೆ ಪೂರ್ತಿ ಸಸ್ಯಾಹಾರ. ನನ್ನೊಬ್ಬನಿಗಾಗಿ ನಾಲ್ಕು ಜನ ಶುಕ್ರವಾರದ ಕುರಿಮಾಂಸ ಬಿಟ್ಟಿದ್ದರು. ಅಂಥವರ ಎದುರು ನಾನು ಬೇರೆ ತಟ್ಟೆ ಕೇಳಿದ್ದೆ.

ನಮ್ಮಲ್ಲಿ ಯಾರು ಯಾರಿಗಾಗಿ ಊಟ ಬದಲಾಯಿಸುತ್ತಾರೆ? ತಿನ್ನದವನನ್ನು ಆಚೆ ಕೂರಿಸುತ್ತೇವೆ, ಇಲ್ಲ ನಾವೇ ಎದ್ದು ಹೋಗುತ್ತೇವೆ. ಮಡಿ, ಪಂಕ್ತಿ ಅಂತ ಒಂದೇ ಚಪ್ಪರದಡಿ ನಾಲ್ಕು ಊಟ ಮಾಡಿದವರು ನಾವು. ಶುಚಿಯ ಹೆಸರಲ್ಲಿ ಜಾಸ್ತಿ ತೊಳೆದದ್ದು ಕೈಯನ್ನಲ್ಲ ಅನಿಸಿತು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಪಕ್ಕದ ಮೇಜಿಗೆ ಕುರಿಮಾಂಸದ ತಟ್ಟೆ ಬಂದಾಗ ಆ ಅಮ್ಮ ಎರಡು ಸಲ ತಿರುಗಿ ನೋಡಿದರು. ನಾನೂ ನೋಡಿದೆ ಅಂತ ಗೊತ್ತಾಗಿ ಕುಂಬಳದ ದೊಡ್ಡ ಹೋಳು ನನ್ನ ಕಡೆಗೆ ತಳ್ಳಿದರು. ಬಾಳೆ ಎಲೆಯಲ್ಲಿ ಆ ಮುಜುಗರ ಇಲ್ಲ. ನನ್ನೆಲೆ ನನ್ನದು, ನನ್ನ ಸಲುವಾಗಿ ಯಾರೂ ಏನೂ ಬಿಡಬೇಕಾಗಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಒಂದೇ ತಟ್ಟೆ ಅಂದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಎಡಗೈ ಹಾಕ್ಲಿಲ್ಲ ತಾನೇ ಯಾರೂ?"

"ಇಲ್ಲಮ್ಮ, ಅವರಲ್ಲೂ ಬಲಗೈಯೇ."

"ಹಂಗಾದ್ರೆ ಸರಿ ಬಿಡು. ಮಜ್ಜಿಗೆಗೆ ಇಂಗು ಹಾಕಿದ್ರಾ?"